ಕೈಹಚ್ಚಬಾರದ ಶಾಲೆ

11 ಜೂನ್ 2018, ಸೋಮವಾರ

ಸುರಪುರದಿಂದ ಏಳೂವರೆಯ ಬಸ್ಸು. ಕಕ್ಕೇರಾದಲ್ಲಿ ಇಳಿದು ಶಾಲೆಯ ತನಕ ನಡಿಗೆ. ನಾನು ಕಲಿಸುವ ಏಳನೇ ತರಗತಿ—ಪಟ್ಟಿಯಲ್ಲಿ ಮೂವತ್ತೊಂದು ಹೆಸರು, ಬಂದವರು ಇಪ್ಪತ್ತಾರು. ಕಾಲುವೆಗೆ ಇನ್ನೂ ನೀರು ಬಿಟ್ಟಿಲ್ಲ, ಅದಕ್ಕೇ ಇಷ್ಟು. ನೀರು ಬಂದರೆ ಭತ್ತದ ನಾಟಿ ಶುರು, ಅರ್ಧ ಹುಡುಗಿಯರು ಮಾಯ. ಯಾಕೆ ಹೀಗೆ? ಅದೇ ನನ್ನ ಪಿಎಚ್‌ಡಿ ವಿಷಯ. ಎರಡು ಸಲ ಎಂಟ್ರೆನ್ಸ್ ಬರೆದು ಸಿಕ್ಕ ಸೀಟು. ಮುಗಿಸಿದರೆ ಬಿ.ಎಡ್. ಕಾಲೇಜಿಗೆ ಅರ್ಜಿ ಹಾಕಬಹುದು. ಒಂಬತ್ತು ವರ್ಷದ ಆಸೆ.

ಗೈಡ್ ಅಂಬ್ರಪ್ಪ ಸರ್ ನಾಲ್ಕು ಶಾಲೆ ಆರಿಸಿದ್ದಾರೆ. ಎರಡರಲ್ಲಿ ಹದಿನೈದು ದಿನಕ್ಕೊಮ್ಮೆ ಪಾಲಕರ ಸಭೆ. ಉಳಿದೆರಡು ಹೋಲಿಕೆಗೆ, ಇದ್ದ ಹಾಗೇ ಇರಬೇಕು. ಚೀಟಿ ಎತ್ತಿದರು. ನನ್ನ ಶಾಲೆ ಇದ್ದ ಹಾಗೇ ಇರುವ ಗುಂಪಿಗೆ ಬಿತ್ತು.

"ಗೊಲ್ಲಾಳಮ್ಮ, ಮಾರ್ಚ್ ತನಕ ನಿಮ್ಮ ಶಾಲಿಗಿ ಕೈ ಹಚ್ಚಬ್ಯಾಡ್ರಿ. ಬರೇ ಬರಕೊಂತ ಹೋಗ್ರಿ."

ಆಯ್ತು ಸರ್ ಅಂದೆ.

4 ಆಗಸ್ಟ್

ನೀರು ಬಂದು ಹತ್ತು ದಿನ. ಹಾಜರಿ ಹದಿನಾಲ್ಕು. ಕರೆಮ್ಮ ಎಂಟು ದಿನದಿಂದ ಇಲ್ಲ. ಹೇಳಿದ್ದನ್ನು ಸುಮ್ಮನೆ ಒಪ್ಪದೆ ತಿರುಗಿ ಕೇಳುವವಳು ತರಗತಿಯಲ್ಲಿ ಅವಳೊಬ್ಬಳೇ. ರಿಜಿಸ್ಟರ್‌ನಲ್ಲಿ ಗೈರು, ಗೈರು, ಗೈರು. ನನ್ನ ನೋಟ್‌ಬುಕ್ಕಿನಲ್ಲಿ—ಒಳ್ಳೆಯ ಡೇಟಾ.

9 ಆಗಸ್ಟ್, ಸಂಜೆ

ಪ್ರಶ್ನಾವಳಿ ಹಿಡಿದು ಕರೆಮ್ಮನ ಮನೆಗೆ ಹೋದೆ. ತಾಯಿ ತಿಮ್ಮವ್ವ ಆಗಷ್ಟೇ ಗದ್ದೆಯಿಂದ ಬಂದಿದ್ದಳು, ಮೊಣಕಾಲ ತನಕ ಕೆಸರು. "ಮಗಳು ಶಾಲೆಗೆ ಬಾರದಿರಲು ಕಾರಣ"—ಕೆಳಗೆ ಐದು ಉತ್ತರ. ಓದಿ ಹೇಳಿದೆ.

"ಯಾವದಕ್ಕರೆ ಒಂದಕ್ಕ ಗೆರಿ ಹಾಕ್ರಿ ಟೀಚರ. ನಿಮಗ ಬೇಕಾದ್ದಕ್ಕ."

"ಪಾಲಕರ ನಿರಾಸಕ್ತಿ"ಗೆ ಗೆರೆ ಹಾಕಿದೆ. ಹಾಕಿದ್ದು ನಾನೇ. ಅಷ್ಟರಲ್ಲಿ ಕರೆಮ್ಮ ಹೊರಗೆ ಬಂದಳು, ಸೊಂಟದ ಮೇಲೆ ವರ್ಷದ ತಮ್ಮ.

"ಕೂಸಿನ್ನ ಯಾರ ಹಿಡೀಬೇಕ್ರಿ?" ಅಂದಳು ತಿಮ್ಮವ್ವ. "ಏಳಕ್ಕ ನಾಟಿಗಿ ಒಯ್ಯಾಕ ಆಟೋ ಬರ್ತದ. ಇಷ್ಟ್ ಸಣ್ಣ ಕೂಸಿನ್ನ ಅಂಗನವಾಡ್ಯಾಗ ತಗೊಳ್ಳಂಗಿಲ್ಲ. ಇಕಿ ಶಾಲಿಗಿ ಹೋಗ್ಲಿ ಅಂತ ನನಗೂ ಅದ."

ಆ ಉತ್ತರ ನನ್ನ ಐದರಲ್ಲಿ ಇರಲಿಲ್ಲ.

13 ಆಗಸ್ಟ್

ಹೆಡ್‌ಮಿಸ್ ಆಮೀನಾ ಮೇಡಂಗೆ ಎಲ್ಲ ಹೇಳಿದೆ.

"ಹಳೇ ಅಡಗಿ ಖೋಲಿ ಖಾಲಿ ಬಿದ್ದದಲ್ಲ. ಕೂಸುಗೋಳ್ನ ಅಲ್ಲೇ ಬಿಟ್ಟು ಹುಡುಗ್ಯಾರು ಕ್ಲಾಸಿಗಿ ಕೂಡ್ಲಿ. ಬಿಸಿಯೂಟದ ದೇವಕಮ್ಮ ನೋಡ್ಕೋತಾಳ."

ಹಾಗೆ ಮಾಡಿದರೆ ಥೀಸಿಸ್ ಕೆಡುತ್ತದೆ ಅಂದೆ. ಮೇಡಂ ಹೈದರಾಬಾದಿನಲ್ಲಿರುವ ತಮ್ಮೊಬ್ಬ ತಂಗಿಯ ವಿಷಯ ತೆಗೆದರು.

"ಆಕಿನೂ ಡಾಕ್ಟರೇಟ್ ಮಾಡಾಕತ್ಯಾಳ. ಪಿಎಚ್‌ಡಿ ಅಲ್ರಿ, ಎಡ್.ಡಿ. ಅಂತ. ನೌಕ್ರಿ ಮಾಡ್ಕೋತನೇ ಮಾಡೂದು. ತನ್ನ ಶಾಲಿದೇ ಒಂದು ತಕರಾರು ಹಿಡೀಬೇಕು, ತಾನೇ ಕೈ ಹಚ್ಚಬೇಕು, ಏನಾತು ಅಂತ ಖರೇ ಬರೀಬೇಕು."

19 ಆಗಸ್ಟ್, ರವಿವಾರ

ನಿನ್ನೆ ಸರ್ ಹತ್ತಿರ ಹೋಗಿದ್ದೆ. ಸಿಟ್ಟಾಗಲಿಲ್ಲ. ಚಹಾ ತರಿಸಿದರು.

"ಒಂದ್ ಶಾಲಿ ಸರಿ ಮಾಡಿದ್ರ ಒಂದ್ ಶಾಲಿ ಆತು. ಯಾಕ ಅಂತ ತಿಳದ್ರ ಕಾಲುವಿ ಗುಂಟ ಇರೋ ಎಲ್ಲಾ ಊರಿಗೂ ಹೇಳಬೌದು. ಇದೊಂದ್ ವರ್ಷ ತಡಕೋರಿ."

"ಈ ವರ್ಷದ ಹುಡುಗ್ಯಾರು, ಸರ್?"

"ಅವ್ರದು ಈ ವರ್ಷ ಹೋಗ್ತದಮ್ಮ."

ಸುಳ್ಳು ಹೇಳದ ಮನುಷ್ಯ. ಅದೇ ಕಷ್ಟ.

ಇವತ್ತೆಲ್ಲ ಅದೇ ಯೋಚನೆ. ಪಿಎಚ್‌ಡಿ ಕೇಳುವುದು—ಯಾರಿಗೂ ಗೊತ್ತಿಲ್ಲದ ಏನನ್ನು ಕಂಡೆ? ಎಡ್.ಡಿ. ಕೇಳುವುದು—ಗೊತ್ತಾದ ಮೇಲೆ ಏನು ಮಾಡಿದೆ? ಮೊದಲನೆಯದಕ್ಕೆ ನಾನು ದೂರ ನಿಲ್ಲಬೇಕು. ಎರಡನೆಯದಕ್ಕೆ ಒಳಗಿಳಿಯಬೇಕು, ಆಗ ನಾನೂ ತಪ್ಪು ಮಾಡುವವರ ಪೈಕಿ. ಯಾವುದು ದೊಡ್ಡದು ಅಂತ ಹೇಳಲಾರೆ. ಎಡ್.ಡಿ.ಯನ್ನು ನಮ್ಮ ಕಾಲೇಜುಗಳು ಒಪ್ಪುತ್ತವೆಯೋ ಇಲ್ಲವೋ, ಕೇಳಿದವರಿಗೆ ಯಾರಿಗೂ ಗೊತ್ತಿಲ್ಲ... ಒಂಬತ್ತು ವರ್ಷ.

27 ಆಗಸ್ಟ್

ಹಳೆ ಅಡಿಗೆ ಖೋಲಿಯ ಬೀಗ ತೆಗೆದೆವು. ಆರು ಕೂಸು, ಎರಡು ಚಾಪೆ. ಕರೆಮ್ಮ ಬಂದಳು. ಮಧ್ಯಾಹ್ನವೇ ಸರ್‌ಗೆ ಪತ್ರ—ನನ್ನ ಶಾಲೆಗೆ ಕೈ ಹಚ್ಚಿದ್ದೇನೆ, ಹೋಲಿಕೆಗೆ ಅದು ಇನ್ನು ಬರುವುದಿಲ್ಲ, ಪಿಎಚ್‌ಡಿ ಬಿಡುತ್ತೇನೆ.

26 ಸೆಪ್ಟೆಂಬರ್

ಹಾಜರಿ ಇಪ್ಪತ್ತೈದು. ಹಿಗ್ಗಿನಿಂದ ಸರ್‌ಗೆ ಫೋನ್ ಮಾಡಿದೆ. ನನ್ನ ಪಿಎಚ್‌ಡಿ ರಿಜಿಸ್ಟ್ರೇಷನ್ ರದ್ದಾದ ಕಾಗದಕ್ಕೆ ಸಹಿ ಹಾಕಿ ಕಳಿಸಿದ್ದಾರಂತೆ. ಕೊನೆಗೆ ಒಂದು ಮಾತು:

"ಬಂದವ್ರನ್ನ ಎಣಿಸೀರಿ. ಕಲ್ತವ್ರನ್ನ ಎಣಿಸೀರೇನು?"

27 ಸೆಪ್ಟೆಂಬರ್

ಕರೆಮ್ಮನಿಗೆ ಭಿನ್ನರಾಶಿಯ ನಾಲ್ಕು ಲೆಕ್ಕ ಕೊಟ್ಟೆ. ಒಂದೂ ಬರಲಿಲ್ಲ. ಯಾಕೆ ಅಂತ ಕೇಳಿದ ಮೇಲೆ ಎಲ್ಲ ಹೇಳಿದಳು.

ಖೋಲಿ ತೆಗೆದ ಮೂರನೇ ದಿನವೇ ದೇವಕಮ್ಮ ಜ್ವರದಿಂದ ಬಿದ್ದ ಮೇಲೆ ಹುಡುಗಿಯರೇ ಪಾಳಿ ಹಚ್ಚಿ ಕೂಸು ನೋಡುತ್ತಿದ್ದದ್ದು ನನಗೆ ಗೊತ್ತಿತ್ತು. ಎಲ್ಲರ ಪಾಳಿಯೂ ಕರೆಮ್ಮನ ಮೇಲೆ ಬಿದ್ದದ್ದು ಗೊತ್ತಿರಲಿಲ್ಲ. ನನ್ನ ಕನ್ನಡ ಮೊದಲ ಪೀರಿಯಡ್. ಅದಕ್ಕೆ ಕೂತು, ಹಾಜರಿ ಹೇಳಿ, ಎದ್ದು ಹೋಗುತ್ತಿದ್ದಳು.

"ನನ್ನ ಕೈಯಾಗ ಅಳಂಗಿಲ್ರಿ ಅವು. ಅದಕ್ಕ."

ಮನೆಯಲ್ಲಿ ಒಂದು ಕೂಸು ಹಿಡಿಯುತ್ತಿದ್ದವಳಿಗೆ ನಾನು ಶಾಲೆಗೆ ಕರೆದು ಆರು ಕೊಟ್ಟೆ. ಸರ್ ಕೇಳದಿದ್ದರೆ ನೋಡುತ್ತಲೇ ಇರಲಿಲ್ಲ.

29 ಅಕ್ಟೋಬರ್

ದಸರಾ ರಜೆಯಲ್ಲಿ ಮನೆಮನೆ ತಿರುಗಿದೆವು, ನಾನು, ಮೇಡಂ. ಈಗ ಅಜ್ಜಿಯರು ದಿನಕ್ಕಿಬ್ಬರಂತೆ ಖೋಲಿಯಲ್ಲಿ ಕೂಡುತ್ತಾರೆ. ಮಧ್ಯಾಹ್ನದ ಊಟ ಅಲ್ಲೇ. ಎಷ್ಟು ದಿನ ನಡೆಯುತ್ತದೋ. ಸಂಜೆ ಅರ್ಧ ತಾಸು ಕರೆಮ್ಮನಿಗೆ ಭಿನ್ನರಾಶಿ.

17 ನವೆಂಬರ್, ಹೈದರಾಬಾದ್

ಮೇಡಂ ತಂಗಿ ಓದುವಲ್ಲಿಗೇ ಅರ್ಜಿ ಹಾಕಿದ್ದೆ, ಇವತ್ತು ಎಡ್.ಡಿ. ಸಂದರ್ಶನ. ಮೂವರು ಕೂತಿದ್ದರು. ಮಾಡಿದ್ದರಲ್ಲಿ ಯಾವುದು ಕೆಟ್ಟಿತು ಅಂತ ಕೇಳಿದರು. ಹೇಳಿದೆ. ಒಬ್ಬಾಕೆ ಬರೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

3 ಡಿಸೆಂಬರ್

ಸೀಟು ಸಿಕ್ಕಿದೆ. ಅಂಬ್ರಪ್ಪ ಸರ್‌ಗೆ ಹೇಳಿದೆ. "ಅಳತಿ ಬಿಡಬ್ಯಾಡ್ರಿ" ಅಂದರು, ಅಷ್ಟೇ. ಆದರೆ ತಾವೇ ಬಂದು ಖೋಲಿ ನೋಡುತ್ತಾರಂತೆ.

ಮೊದಲ ಅಧ್ಯಾಯದ ಮೊದಲ ಪುಟ ಬರೆದು ಶಾಲೆಗೆ ಒಯ್ದಿದ್ದೆ. ಕರೆಮ್ಮ ನೋಡಿದಳು.

"ನಮ್ಮ ಮ್ಯಾಲ ಬರದೀರಲ್ರಿ ಟೀಚರ. ನಮಗ ಓದಿ ಹೇಳಂಗಿಲ್ಲೇನು?"

ಹೀಗೆ ಓದಿ ಹೇಳಬೇಕು ಅಂತ ಯಾವ ಗೈಡೂ ಹೇಳಿರಲಿಲ್ಲ. ಓದಿದೆ. ಹುಡುಗಿಯರು, ಬಾಗಿಲಲ್ಲಿ ಇಬ್ಬರು ಅಜ್ಜಿಯರು. "ಒಬ್ಬ ವಿದ್ಯಾರ್ಥಿನಿ ಮೂರು ವಾರ ತರಗತಿಯಿಂದ ಹೊರಗುಳಿದಳು"—ಅಲ್ಲಿಗೆ ಬಂದಾಗ ಕರೆಮ್ಮ ಕೈ ಎತ್ತಿದಳು.

"ಮೂರಲ್ರಿ. ನಾಕು."

ತಿದ್ದಿದೆ. ಮುಂದಿನ ಸಾಲು ಓದುವಷ್ಟರಲ್ಲಿ ಇನ್ನೊಂದು ಕೈ ಮೇಲೆದ್ದಿತು, ಅದರ ಹಿಂದೆ ಮತ್ತೊಂದು, ಆಮೇಲೆ ಬಾಗಿಲಿನ ಅಜ್ಜಿ—