ಬಂಗಾರ ಕೊಟ್ಟವಳ ಕಬ್ಬಿಣದ ಪದಕ

ನಾರಾಯಣಗೂಡ, ಹೈದರಾಬಾದ್
೧೯ ಮೇ ೨೦೦೩

ಅಕ್ಕ ಶಿವದೇವಿಗೆ, ನಿನ್ನ ತಂಗಿ ಗದಿಗೆಮ್ಮ ಕಾಲು ಮುಟ್ಟಿ ಬರೆಯುವುದು.

ಮಂಡಿನೋವು ಹೇಗಿದೆ? ಅಣ್ಣ-ವೈನಿಯ ಮಗಳ ಮದುವೆಗೆ ನಿನಗೆ ಬರಲಾಗಲಿಲ್ಲ. ಸುದ್ದಿ ಬೇರೆಯವರ ಬಾಯಿಂದ ಬಣ್ಣ ಹಚ್ಚಿಕೊಂಡು ಬರುವ ಮೊದಲು ನಾನೇ ಹೇಳುತ್ತೇನೆ. ಈ ಸಲ ನಾನು ಸಾವಿತ್ರಿ ವೈನಿಯ ಸರ ಹಾಕಿಕೊಳ್ಳಲಿಲ್ಲ.

ನನ್ನ ಮಗಳು ಗಂಗಾ ಜರ್ಮನ್ ಕಲಿಯುತ್ತೇನೆಂದು ಹಟ ಹಿಡಿದಾಗ ನಾನು ಬಳೆ, ಸರ ಎಲ್ಲ ಮಾರಿದ್ದು ನಿನಗೆ ಗೊತ್ತೇ ಇದೆ. ಊರೆಲ್ಲ ಅಮೀರ್‌ಪೇಟೆಗೆ ಕಂಪ್ಯೂಟರ್ ಕಲಿಯಲು ಓಡುತ್ತಿದ್ದ ಕಾಲ. ಜರ್ಮನ್ ಕಲ್ತು ಹೈದರಾಬಾದಿನಾಗ ಯಾರ ಜೋಡಿ ಮಾತಾಡ್ತಾಳ ಅಂತ ವೈನಿ ನಕ್ಕಿದ್ದಳು. ಅಂದಿನಿಂದ ಪ್ರತಿ ಮದುವೆಯಲ್ಲೂ, ಬೀಗರು ನೋಡ್ತಾರ, ನಮ್ಮ ಮರ್ಯಾದಿ ಉಳಸು ಅಂತ ತನ್ನದೊಂದು ಸರ ನನ್ನ ಕೊರಳಿಗೆ ಹಾಕಿ, ಊಟ ಮುಗಿಯುವುದರೊಳಗೆ ಬಿಚ್ಚಿಸಿಕೊಳ್ಳುತ್ತಿದ್ದಳು. ಎಷ್ಟು ಮದುವೆಯಲ್ಲಿ ಅಳು ನುಂಗಿಕೊಂಡು ಉಂಡಿದ್ದೇನೋ ನನಗೇ ಗೊತ್ತು.

ಆಮೇಲೆ ಕಂಪ್ಯೂಟರ್ ಕಲಿತ ಹುಡುಗರೇ ಕೆಲಸ ಕಳೆದುಕೊಂಡು ಮನೆಗೆ ಬಂದಾಗ, ಜರ್ಮನ್ ಬರುತ್ತದೆಂದು ಮಾದಾಪುರದ ಕಂಪನಿಯೊಂದು ಗಂಗಾಳನ್ನು ಕರೆದು ಕೆಲಸ ಕೊಟ್ಟಿತು.

ಹೋದ ತಿಂಗಳು ಅವಳ ಆಫೀಸಿಗೆ ಜರ್ಮನಿಯಿಂದ ಬಂದ ಹೆಂಗಸೊಬ್ಬರು ನನ್ನ ಬಳೆಯ ಕಥೆ ಕೇಳಿ, ತಮ್ಮ ಮನೆಯ ಹಳೆಯ ಪದಕವೊಂದನ್ನು ಕಳಿಸಿಕೊಟ್ಟರು. ರೂಪಾಯಿಗಿಂತ ದೊಡ್ಡದು, ಕರಿ ಕಬ್ಬಿಣ. ದೃಷ್ಟಿಗೆ ಕಟ್ಟುವುದಿರಬೇಕೆಂದು ನಾನು ದಾರ ಸುತ್ತಿ ನಿಂಬೆಹಣ್ಣು, ಮೆಣಸಿನಕಾಯಿ ಜೊತೆ ಬಾಗಿಲಿಗೆ ಕಟ್ಟಿಬಿಟ್ಟೆ. ಗಂಗಾ ನಕ್ಕು ನಕ್ಕು ಸುಸ್ತಾಗಿ ಅದನ್ನು ಬಿಚ್ಚಿ ತೋರಿಸಿದಳು. ಒಂದು ಕಡೆ ಮೊಣಕಾಲೂರಿದ ಹೆಂಗಸು ತನ್ನ ಸರ ತೆಗೆದು ಚಾಚಿದ್ದಾಳೆ. ‘ಕಬ್ಬಿಣದ ಕಾಲದಲ್ಲಿ’ ಅಂತ ಜರ್ಮನ್‌ನಲ್ಲಿ ಬರೆದು ೧೯೧೬ ಎಂದು ಇಸವಿ ಹಾಕಿದೆ. ಹಿಂದೆ ಓಕ್ ಮರದ ಎಲೆಗಳು, ಜೊತೆಗೆ ಬರಹ: ರಕ್ಷಣೆಗೆ ಬಂಗಾರ ಕೊಟ್ಟೆ, ಗೌರವಕ್ಕೆ ಕಬ್ಬಿಣ ಪಡೆದೆ. ಮೊದಲ ಮಹಾಯುದ್ಧದಲ್ಲಿ ದೇಶಕ್ಕೆ ಒಡವೆ ಕೊಟ್ಟವರಿಗೆ ಇದು ಸಿಗುತ್ತಿತ್ತಂತೆ. ಆ ಯುದ್ಧ ಸೋತರಂತೆ, ಪಾಪ. ನನ್ನ ಬಂಗಾರ ಗೆದ್ದಿತು.

ಅದಕ್ಕೆ ಕೊಂಡಿ ಹಾಕಿಸಿ, ಕರಿದಾರದಲ್ಲಿ ಪೋಣಿಸಿ, ತಾಳಿಯ ಪಕ್ಕ ಹಾಕಿಕೊಂಡು ಮದುವೆಗೆ ಹೋದೆ. ವೈನಿ ಸರ ಹಿಡಿದುಕೊಂಡೇ ಎದುರು ಬಂದಳು. ಶುಭಕಾರ್ಯಕ್ಕ ಕಬ್ಬಿಣ ಹಾಕ್ಕೊಂಡು ಬಂದೀಯೇನ, ತಗಿ ಮೊದಲ ಅಂದಳು. ನಾನು ಪದಕವನ್ನು ಎಲ್ಲರಿಗೂ ಕಾಣುವಂತೆ ಸೆರಗಿನ ಮೇಲೆ ಎಳೆದುಕೊಂಡೆ ಅಕ್ಕ. ತಗಿಯಂಗಿಲ್ಲ ವೈನಿ, ಇದು ನಾ ಕೊಟ್ಟ ಬಂಗಾರದ ಗುರ್ತು ಅಂದೆ. ಪಕ್ಕದಲ್ಲಿದ್ದ ಗಂಡಿನ ಅಜ್ಜಿ ಸುಗಲಮ್ಮ ಏನದು ಅಂತ ಹತ್ತಿರ ಕರೆದರು. ಗಂಗಾ ಜರ್ಮನ್‌ನಲ್ಲಿ ಓದಿ, ಅರ್ಥ ಬಿಡಿಸಿ, ನನ್ನ ಒಡವೆ ಯಾಕೆ ಹೋಯಿತೆಂಬುದನ್ನೂ ಎಲ್ಲರೆದುರು ಹೇಳಿಬಿಟ್ಟಳು. ಅಜ್ಜಿ ಪದಕವನ್ನು ಕಣ್ಣಿಗೊತ್ತಿಕೊಂಡು, ಮೊದಲ ಆರತಿ ಈಕಿನೇ ಬೆಳಗಲಿ ಅಂದರು.

ತಲೆ ಎತ್ತಿ ಬೆಳಗಿದೆ ಅಕ್ಕ. ಹೊಟ್ಟೆ ತಣ್ಣಗಾಯಿತು.

ನಿನ್ನ ಪ್ರೀತಿಯ
ಗದಿಗೆಮ್ಮ

ತಾ.ಕ.: ವೈನಿಯ ಕಿರಿಮಗಳು ಐಶ್ವರ್ಯಾ, ಡಿಗ್ರಿ ಓದುವವಳು, ಈ ವಾರ ಜರ್ಮನ್ ಕ್ಲಾಸಿಗೆ ಸೇರಿದ್ದಾಳೆ. ತನ್ನ ಬೆಂಡೋಲೆ ಮಾರಿ ಫೀಸು ಕಟ್ಟಿದಳು. ಅಂಗಡಿಗೆ ಜೊತೆಯಲ್ಲಿ ಹೋದವಳು ನಾನೇ. ವೈನಿಗೆ ಗೊತ್ತಾದ ದಿನ ನೆಟ್ಟಗೆ ನಿನ್ನ ಮನೆಗೆ ಬರುತ್ತೇನೆ, ಎರಡು ರೊಟ್ಟಿ ಹೆಚ್ಚಿಗೆ ಬಡಿದಿಡು.