ನನ್ನ ಅಂಗಡಿಗೆ ನಾನೇ ಸಾಕ್ಷಿ

ನಾಸಿಕ್
14 ಜೂನ್ 2025

ಅಶ್ವಿತಾಳ ಅಪ್ಪನಿಗೆ,

ನಮಸ್ಕಾರ. ನಾನು ಫೋನ್ ಎತ್ತುತ್ತಿಲ್ಲವೆಂದು, ನನ್ನ ಜೊತೆಯಲ್ಲಿರುವ ನಿಮ್ಮ ಅಮ್ಮನಿಗೆ ಫೋನ್ ಮಾಡಿ ಕೂಗಾಡಿದಿರಂತೆ. ಫೋನಿನಲ್ಲಾದರೆ ನೀವು ನನ್ನ ಮಾತನ್ನು ಪೂರ್ತಿ ಕೇಳುವುದಿಲ್ಲ. ಅದಕ್ಕೇ ಈ ಕಾಗದ.

ಮೊದಲು ನಿಮ್ಮ ಚಿಕ್ಕಪ್ಪನ ಮಗ, ವಕೀಲ ಉಮಾನಾಥನ ಬಿಲ್ಲಿನ ವಿಷಯ. ನಾನು ಹೋಟೆಲಿಗೆಂದು ಹಿಡಿದ ಅಂಗಡಿಯೆಂದರೆ ಎಷ್ಟು ದೊಡ್ಡದು? ನಾಲ್ಕು ಟೇಬಲ್ ಹಾಕಿದರೆ ಬಡಿಸುವವರು ಅಡ್ಡಡ್ಡ ನಡೆಯಬೇಕು. ಅದರ ಬಾಡಿಗೆ ಕರಾರು ಮಾಡಲು ಹದಿನೆಂಟು ಸಾವಿರ! ಸ್ಟಾಂಪು, ನೋಂದಣಿ ಬೇರೆ. ಕರಡು ಬರೆದದ್ದಕ್ಕೆ ಇಷ್ಟು, ಅದನ್ನು ಓದಿ ನೋಡಿದ್ದಕ್ಕೆ ಇಷ್ಟು, ಮಾಲೀಕರಾದ ಅತುಲ್ ಕುಲಕರ್ಣಿಯವರ ಜೊತೆ ಫೋನಿನಲ್ಲಿ ಮಾತಾಡಿದ್ದಕ್ಕೆ ಇಷ್ಟು. ತಾನು ಬರೆದದ್ದನ್ನು ತಾನೇ ಓದುವುದಕ್ಕೂ ದುಡ್ಡು! ಥೂ. ಅವನು ನಮ್ಮ ಮನೆಗೆ ಬಂದು ನೀರುದೋಸೆ ತಿಂದು, ಹೆಂಡತಿಗೂ ಕಟ್ಟಿಸಿಕೊಂಡು ಹೋದದ್ದಕ್ಕೆ ನಾನು ಬಿಲ್ ಕೊಟ್ಟಿರಲಿಲ್ಲ.

ಆದರೂ ಕೊಟ್ಟೆ. ಪರವೂರಿನಲ್ಲಿ ನಮ್ಮವನೇ ಒಬ್ಬ ವಕೀಲನಿರುವಾಗ ಬೇರೆಯವರ ಹತ್ತಿರ ಹೋಗುವುದುಂಟೇ? ನಮ್ಮವರು ತಂದ ಕಾಗದವನ್ನು ಓದಿ ನೋಡಿದರೆ ಅವರಿಗೆ ಅವಮಾನ ಎಂದು ಊರು ಬಿಟ್ಟು ಬಂದು ಹೋಟೆಲು ಇಟ್ಟ ನಾವೆಲ್ಲ ನಂಬಿದ್ದೇವಲ್ಲ, ನಾನೂ ಹಾಗೆಯೇ ನಂಬಿದೆ. ಮರಾಠಿ ಮಾತಾಡಲು ಬರುತ್ತದೆ, ಕೋರ್ಟಿನ ಮರಾಠಿ ತಲೆಗೆ ಹತ್ತುವುದಿಲ್ಲ. "ಅತ್ತಿಗೆ, ನೀವು ಎಂತಕ್ಕೆ ಓದುದು? ನಾನಿಲ್ವಾ?" ಎಂದ ಉಮಾನಾಥ. ಬಿಲ್ಲಿನ ಕೊನೆಯಲ್ಲಿ 'ಹೆಸರು ಬದಲಾವಣೆ' ಎಂದು ಮೂರು ಸಾವಿರ ಇತ್ತು. ಅದೇನೆಂದು ಕೇಳಲೂ ಸಂಕೋಚಪಟ್ಟೆ.

ಗುರುವಾರ ನೋಂದಣಿ ಕಚೇರಿಯಲ್ಲಿ ಗುಮಾಸ್ತ "ಭಾಡೇಕರೂ ಕುಠೆ ಆಹೇತ್?" ಎಂದ. ಬಾಡಿಗೆದಾರರು ಎಲ್ಲಿ ಎಂದರೆ, ಅದು ನಾನೇ ತಾನೆ? ಸೆರಗು ಸರಿಮಾಡಿಕೊಂಡು ಕ್ಯಾಮೆರಾದ ಮುಂದೆ ಕೂತೆ. ಅವನು ಎಬ್ಬಿಸಿದ. ಬಾಡಿಗೆದಾರರು ನಿಮ್ಮ ಯಜಮಾನರು ಭುಜಂಗರಾವ್, ನೀವು ಬರೀ ಸಾಕ್ಷಿ, ಆ ಕಡೆ ನಿಲ್ಲಿ ಎಂದ. ಉಮಾನಾಥ ಹಲ್ಲುಗಿಂಜಿದ. "ಅಣ್ಣ ಸಂಭಾಜಿನಗರದಿಂದ ಬಸ್ಸಲ್ಲಿ ಬರ್ತಾ ಇದ್ದಾರೆ ಅತ್ತಿಗೆ. ಹೋಟೆಲ್ ಅಂದ್ರೆ ಗಂಡಸರ ಹೆಸರಲ್ಲೇ ಅಲ್ವಾ ನಮ್ಮಲ್ಲಿ? ಹೇಗೂ ಅಡುಗೆ ನೀವೇ ಮಾಡುದು."

ನನ್ನ ಹೆಸರು ಹೊಡೆದುಹಾಕಿದ ಕೂಲಿಯನ್ನೂ ನನ್ನಿಂದಲೇ ವಸೂಲಿ ಮಾಡಿದಿರಲ್ಲ! ಉಂಡ ಮನೆಯ ಗಳ ಎಣಿಸುವವನು ಅವನಾದರೆ, ಎಣಿಸಲು ಕಳಿಸಿದವರು ನೀವು. ಮಗಳ ಶಾಲೆಗೆಂದು ಇಲ್ಲಿಗೆ ಬಂದಮೇಲೆ, ಸಿನ್ನರ್‌ನ ಕಾರ್ಖಾನೆಯವರಿಗೆ ಊಟದ ಡಬ್ಬ ಕಟ್ಟಿ ಕಟ್ಟಿ ಕೂಡಿಟ್ಟ ಹಣ ಅದು. ಸಂಭಾಜಿನಗರದಲ್ಲಿ ನಿಮ್ಮ ಹೋಟೆಲಿನ ಒಲೆಯ ಮುಂದೆ ಬೆಂದದ್ದಕ್ಕೆ ನಾನು ಯಾವತ್ತೂ ಏನೂ ಕೇಳಲಿಲ್ಲ. ಈ ಒಂದು ಬಾಗಿಲಾದರೂ ನನ್ನದಾಗಲಿ ಎಂದು ಆಸೆಪಟ್ಟಿದ್ದೆ. ಅಷ್ಟೂ ನಿಮ್ಮಿಂದ ಸಹಿಸಲಾಗಲಿಲ್ಲ. ಛೀ, ಬರೆಯುವಾಗಲೂ ಅಸಹ್ಯವಾಗುತ್ತದೆ.

ನೀವು ಬಸ್ಸಿಳಿಯುವ ಮೊದಲೇ ಎದ್ದು ಬಂದೆ. ಮುಖ ಕಂಡಿದ್ದರೆ ನಾಲ್ಕು ಜನರೆದುರು ಆಡಬಾರದ್ದು ಆಡಿಬಿಡುತ್ತಿದ್ದೆ. ಕಚೇರಿಯ ಎದುರಿನ ಓಣಿಯಲ್ಲಿ ರುಚಿತಾ ಎಂಬ ವಕೀಲೆ ಇದ್ದಾಳೆ, ಮರಾಠಿ ಹುಡುಗಿ, ನಮ್ಮವಳಲ್ಲ. ಅವಳು ಉಮಾನಾಥ ಕೇಳಿದ್ದರಲ್ಲಿ ಕಾಲು ಭಾಗಕ್ಕೆ ಹೊಸ ಕರಾರು ಬರೆದಳು. ಒಂದೊಂದು ಸಾಲನ್ನೂ ಓದಿ, ಅರ್ಥ ಹೇಳಿ, ಆಮೇಲೆ ಸಹಿ ಕೇಳಿದಳು. ಕುಲಕರ್ಣಿಯವರೂ ಒಪ್ಪಿದರು. ನಿನ್ನೆ ನೋಂದಣಿ ಮುಗಿಯಿತು. ಬಾಡಿಗೆದಾರಳು ಸುಗುಣಾ. ಉಮಾನಾಥನ ಕರಾರು ನಿಮ್ಮ ಹತ್ತಿರವೇ ಇರಲಿ, ವಡೆಯ ಎಣ್ಣೆ ಹೀರಲು ಆದೀತು.

ಅಂಗಡಿ ತೆರೆದಮೇಲೆ ಬರಬೇಡಿ ಎನ್ನುವುದಿಲ್ಲ. ಗಿರಾಕಿಯ ಹಾಗೆ ಬನ್ನಿ, ತಿನ್ನಿ, ದುಡ್ಡು ಕೊಟ್ಟು ಹೋಗಿ.

ಇಂತು,
ಸುಗುಣಾ

ತಾ.ಕ.: ಸಾಕ್ಷಿಗೆ ಯಾರನ್ನು ಕರೆಯಲಿ ಎಂದು ನಾನು ಯೋಚಿಸುತ್ತಿದ್ದಾಗ ನಿಮ್ಮ ಅಮ್ಮ ತಾವಾಗಿಯೇ ಒಳ್ಳೆಯ ಸೀರೆ ಉಟ್ಟು ಹೊರಟು ನಿಂತರು. ರಿಕ್ಷಾದಲ್ಲಿ ಹೇಳಿದರು: "ಸಂಭಾಜಿನಗರದ ಹೋಟೆಲು ನನ್ನ ಹೆಸರಲ್ಲೇ ಇದ್ದದ್ದು ಸುಗುಣಾ. ಸಾಕ್ಷಿಗೆ ಒಂದು ಸಹಿ ಬೇಕು ಅಂತ ಹೇಳಿ ಹಾಕಿಸಿಕೊಂಡು ತನ್ನ ಹೆಸರಿಗೆ ಮಾಡಿಕೊಂಡ ಭುಜಂಗ. ಮಗ ಅಲ್ವಾ, ನಾನೂ ಓದ್ಲಿಲ್ಲ." ಇಷ್ಟು ವರ್ಷ ನನಗೂ ಹೇಳಿರಲಿಲ್ಲ. ಈಗ ಆ ಕಾಗದವನ್ನೂ ರುಚಿತಾಳಿಗೆ ತೋರಿಸಬೇಕಂತೆ. ಫೀಸು ಎಷ್ಟಾಗುತ್ತದೆ ಎಂದು ಅತ್ತೆ ಆಗಲೇ ಕೇಳಿಯೂ ಆಗಿದೆ.