ಸೂರ್ಯನ ಜಾಗದಲ್ಲಿ ಇರಾ

ಪ್ರೀತಿಯ ರಘು ಅಣ್ಣ,

ಬ್ಲಾಂಚರ್ಡ್ಸ್‌ಟೌನಿನ ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ನೀವು ಮಕ್ಕಳಿಗೆ ಗ್ರಹಗಳನ್ನು ಪರಿಚಯಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ನಡುವೆ ಕೈ ಚಾಚಿ ನಿಂತ ಸೂರ್ಯ ನೀವು. ಬುಧ ನಿಮ್ಮ ಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಓಡಬೇಕು. ಶುಕ್ರ ನಿಧಾನವಾಗಿ, ಉಲ್ಟಾ ತಿರುಗಬೇಕು. ಮಂಗಳನಿಗೆ ಕೆಂಪು ಶಾಲು, ಗುರುವಿಗೆ ಎಲ್ಲರಿಗಿಂತ ದಪ್ಪ ಜಾಕೆಟ್, ಶನಿಯ ಸೊಂಟಕ್ಕೊಂದು ಬಳೆ. ಯುರೇನಸ್ ಮಲಗಿ ಉರುಳಬೇಕು. "ನೆಪ್ಚೂನ್, ನೀನು ಬಾಗಿಲ ಹತ್ರ. ಅವಸರ ಬೇಡಪ್ಪ, ನಿಂದು ಒಂದು ಸುತ್ತು ಮುಗಿಯೋಷ್ಟರಲ್ಲಿ ನಿನ್ನ ಮೊಮ್ಮಕ್ಕಳಿಗೂ ಮದುವೆ ಆಗಿರತ್ತೆ!" ಭೂಮಿ ಮಾತ್ರ ಯಾವಾಗಲೂ ನಿಮ್ಮ ಮಗಳು, ಎಂಟು ವರ್ಷದ ಇರಾ.

ನಿಮ್ಮ ವೈಕುಂಠ ಸಮಾರಾಧನೆ ಮುಗಿದ ನಂತರದ ಭಾನುವಾರ ಮಕ್ಕಳು ಅದೇ ಆಟ ಕೇಳಿದರು. ತರಗತಿ ಈಗ ನನ್ನ ಪಾಲಿಗೆ ಬಂದಿದೆ. ಪುಸ್ತಕದ ಹಿಂದೆ ಮುಖ ಮರೆಸಿಕೊಂಡೇ ಎಂ.ಎ. ಮುಗಿಸಿದವಳು ನಾನು, ನಾಲ್ಕು ಜನರ ನಡುವೆ ನಿಲ್ಲುವುದೆಂದರೆ... ನಿಮಗೆ ಗೊತ್ತಲ್ಲ. ಅಂತೂ ನಿಂತೆ. ಎಲ್ಲರೂ ಸುತ್ತತೊಡಗಿದರು. ಇರಾ ಮಾತ್ರ ನೇರ ಬಾಗಿಲ ಕಡೆ ನಡೆದಳು.

"ಎಲ್ಲಿಗೆ ಪುಟ್ಟಾ?"

"ಸೂರ್ಯ ಇಲ್ಲ ಅಂದ್ರೆ ಭೂಮಿ ಸ್ಟ್ರೇಟ್ ಹೋಗ್ಬಿಡತ್ತೆ, ಡ್ಯಾಡಿ ಸೆಡ್. ಯು ಆರ್ ನಾಟ್ ಹಿಮ್, ಅಕ್ಕ."

"ಹಾಗಾದ್ರೆ ನೀನೇ ನಿಲ್ತೀಯಾ?" ಎಂದುಬಿಟ್ಟೆ. ನಿಂತಳು, ನಿಮ್ಮ ಹಾಗೆಯೇ ಕೈ ಚಾಚಿ. ಒಂದೊಂದು ಗ್ರಹವನ್ನೂ ಹೆಸರು ಹಿಡಿದು ಕರೆದಳು. ಭೂಮಿ ನಾನಾದೆ. ಅಪ್ಪ ಅಮ್ಮಂದಿರೆಲ್ಲ ಚಪ್ಪಾಳೆ ತಟ್ಟಿದರು. "ಗ್ರ್ಯಾಂಡ್ ಆಗಿದಾಳೆ ಬಿಡಿ, ಆರಾಮಾಗೇ ಇದಾಳೆ, ಎಷ್ಟು ಬೇಗ ಸುಧಾರಿಸ್ಕೊಂಡ್ಲು!" ಎಂದರು ಯಾರೋ. ಸುತ್ತುತ್ತಿದ್ದ ನನಗೆ ಹತ್ತಿರದಿಂದ ಕಾಣುತ್ತಿತ್ತು: ಅವಳ ಕೈ ಸೋತು ಜಗ್ಗುತ್ತಿತ್ತು. ಆದರೂ ಇಳಿಸಲಿಲ್ಲ, ಇಳಿಸಿದರೆ ನಾವೆಲ್ಲ ಚದುರಿಹೋಗುತ್ತೇವೆ ಎಂದುಕೊಂಡಳೋ ಏನೋ. ಅಷ್ಟು ಸಣ್ಣವಳ ಮೇಲೆ ಎಲ್ಲವನ್ನೂ ಹೊರಿಸಿ, ಸದ್ಯ ನಾನು ನಿಲ್ಲುವುದು ತಪ್ಪಿತಲ್ಲ ಎಂದು ಸುತ್ತುತ್ತಿದ್ದೆನಲ್ಲ ಅಣ್ಣ...

ಇವತ್ತು ಬಂದವಳೇ ತಾನಾಗಿ ನಡುವೆ ಹೋಗಿ ನಿಂತಳು. ಹೋಗಿ ಅವಳ ಕೈ ಇಳಿಸಿದೆ.

"ನಾನು ನಿಮ್ಮಪ್ಪ ಅಲ್ಲ, ಪುಟ್ಟಾ. ಆದ್ರೆ ಇಲ್ಲಿ ದೊಡ್ಡವಳು ನಾನು. ಇದು ನನ್ನ ಕೆಲಸ."

ನನ್ನನ್ನೇ ನೋಡಿದಳು. "ಕೈ ನೋಯತ್ತೆ ಅಕ್ಕ."

"ನನ್ನ ಕೈ ತಾನೇ, ನೋಯ್ಲಿ," ಎಂದು ಚಾಚಿ ನಿಂತೆ.

ಆಮೇಲೆ ಸುತ್ತಿದಳು ಅಣ್ಣ. ಮಂಗಳನನ್ನು ತಳ್ಳಿ, ಶುಕ್ರನ ಕಾಲು ತುಳಿದು, ನನ್ನಿಂದ ಬೈಸಿಕೊಂಡು, ಎಂಟು ವರ್ಷದ ಹುಡುಗಿಯ ಹಾಗೆ.